ಗೈರೋ ಮೇಲೆ ಗೂಬೆ ಕೂರಿಸುವ ಮುಂಚೆ: ಆರ್‌ಸಿ ಹೆಲಿಕಾಪ್ಟರ್ ಬಾಲದ ಟಿಪ್ಪಣಿ

ಮುಖ್ಯ ರೋಟರ್ ಒಂದು ಕಡೆ ತಿರುಗಿದರೆ ರಿಮೋಟಿನಲ್ಲಿ ಹಾರಿಸುವ (ಆರ್‌ಸಿ) ಹೆಲಿಕಾಪ್ಟರಿನ ಮೈ ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಬಾಲದ ರೋಟರ್. ಆದರೆ ಥ್ರಾಟಲ್ ಏರಿದಾಗ, ಪಿಚ್ (ಬ್ಲೇಡಿನ ಓರೆ ಕೋನ) ಬದಲಾದಾಗ, ಗಾಳಿ ಬೀಸಿದಾಗ ಎಷ್ಟು ತಡೆಯಬೇಕು ಅನ್ನುವ ಲೆಕ್ಕವೇ ಬದಲಾಗುತ್ತದೆ. ಅಷ್ಟು ಬೇಗ ನಮ್ಮ ಹೆಬ್ಬೆರಳು ಓಡುವುದಿಲ್ಲ, ಅಲ್ವಾ? ಆ ಕೆಲಸ ಗೈರೋದ್ದು, ಅಂದರೆ ಮೈ ತಿರುಗುವುದನ್ನು ಗ್ರಹಿಸಿ ಬಾಲದ ಸರ್ವೋಗೆ (ಬಾಲದ ಬ್ಲೇಡಿನ ಪಿಚ್ ಬದಲಿಸುವ ಪುಟ್ಟ ಮೋಟರಿಗೆ) ಆದೇಶ ಕೊಡುವ ಸಣ್ಣ ಸಾಧನದ್ದು.

ಇದರಲ್ಲಿ ಎರಡು ಮೋಡ್ ಇವೆ. ರೇಟ್ ಮೋಡ್‌ನಲ್ಲಿ ಗೈರೋ ತಿರುಗುವ ವೇಗವನ್ನಷ್ಟೇ ನೋಡುತ್ತದೆ. ಬಾಲ ತಿರುಗುತ್ತಿದ್ದರೆ ತಡೆಯುತ್ತದೆ, ನಿಂತ ಮೇಲೆ ಕೈಬಿಡುತ್ತದೆ. ಹೆಡಿಂಗ್ ಹೋಲ್ಡ್‌ನಲ್ಲಿ ಎಷ್ಟು ತಿರುಗಿತು ಅನ್ನುವುದನ್ನೂ ನೆನಪಿಟ್ಟುಕೊಂಡು ಹಳೆಯ ದಿಕ್ಕಿಗೆ ವಾಪಸ್ ತರುತ್ತದೆ. ಫುಟಾಬಾ ಕಂಪನಿಯ ಗೈರೋಗಳಲ್ಲಿ ಇದಕ್ಕೆ ಎವಿಸಿಎಸ್ ಎಂಬ ಹೆಸರಿದೆ. ಈ ಮೋಡ್‌ನಲ್ಲಿ ಹೆಲಿ ಮೇಜಿನ ಮೇಲಿದ್ದಾಗ ರಡ್ಡರ್ ಸ್ಟಿಕ್ (ಬಾಲ ತಿರುಗಿಸುವ ರಿಮೋಟಿನ ಕಡ್ಡಿ) ಒತ್ತಿ ಬಿಟ್ಟರೆ ಸರ್ವೋ ನಡುವಿಗೆ ಬರುವುದಿಲ್ಲ. ಗಾಬರಿ ಬೇಡ, ಅದು ಕೆಟ್ಟಿಲ್ಲ.

ಹೆಡಿಂಗ್ ಹೋಲ್ಡ್ ಬಾಲದ ಎಲ್ಲ ಹುಳುಕನ್ನೂ ಮುಚ್ಚಿಡುತ್ತದೆ. ಅದಕ್ಕೇ ಹೊಂದಾಣಿಕೆ ಶುರುವಾಗಬೇಕಾದ್ದು ರೇಟ್ ಮೋಡ್‌ನಲ್ಲಿ. ಮೊದಲು ಮೋಟರಿನ ವೈರ್ ಕಳಚಿಡಿ. ಸರ್ವೋ ನಡುವಿನಲ್ಲಿದ್ದಾಗ ಅದರ ಹಾರ್ನ್ (ತೋಳು) ಪುಶ್‌ರಾಡ್‌ಗೆ (ಸರ್ವೋದಿಂದ ಬಾಲಕ್ಕೆ ಹೋಗುವ ಕಡ್ಡಿಗೆ) 90 ಡಿಗ್ರಿಯಲ್ಲಿ ನಿಲ್ಲಬೇಕು. ಆಗ ಬಾಲದ ಬ್ಲೇಡಿಗೆ ಸೊನ್ನೆಯಲ್ಲ, ಒಂದಿಷ್ಟು ಪಿಚ್ ಇರಬೇಕು. ಈಗ ಬಾಲ್ ಲಿಂಕನ್ನು (ಪುಶ್‌ರಾಡಿನ ತುದಿಯ ಗುಂಡಿನ ಕೀಲನ್ನು) ಹಾರ್ನ್‌ನಿಂದ ಕಿತ್ತು ಪುಶ್‌ರಾಡನ್ನು ಎರಡೇ ಬೆರಳಲ್ಲಿ ಹಿಂದೆ ಮುಂದೆ ಸರಿಸಿ ನೋಡಿ. ಎಲ್ಲೂ ಹಿಡಿಯಬಾರದು, ಲೊಡಲೊಡ ಅನ್ನಲೂ ಬಾರದು. ಈ ಪರೀಕ್ಷೆಯನ್ನು ಬಿಟ್ಟು ಗೇನ್ (ಗೈರೋ ಎಷ್ಟು ಜೋರಾಗಿ ತಡೆಯಬೇಕು ಅನ್ನುವ ಸೆಟ್ಟಿಂಗ್) ತಿರುಗಿಸುತ್ತಾ ಕೂರುವವರೇ ಜಾಸ್ತಿ. ಆಮೇಲೆ ಹಾರಿಸಿದಾಗ ಬಾಲ ಒಂದೇ ಕಡೆ ಎಳೆದರೆ ರಿಮೋಟಿನ ಟ್ರಿಮ್ (ಸ್ಟಿಕ್‌ನ ನಡುವನ್ನು ಚೂರು ಸರಿಸುವ ಗುಂಡಿ) ಮುಟ್ಟಬೇಡಿ, ಪುಶ್‌ರಾಡಿನ ಉದ್ದ ಬದಲಿಸಿ. ಹೆಡಿಂಗ್ ಹೋಲ್ಡ್‌ಗೆ ಹೋಗುವಾಗ ಟ್ರಾನ್ಸ್‌ಮಿಟರಿನ ರೆವೊ ಮಿಕ್ಸಿಂಗ್ (ಥ್ರಾಟಲ್ ಏರಿದಂತೆ ಬಾಲದ ಪಿಚ್ಚನ್ನೂ ತಾನೇ ಬದಲಿಸುವ ಸೆಟ್ಟಿಂಗ್) ಆಫ್ ಇರಲಿ.

ದಿಕ್ಕಿನ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ರಡ್ಡರ್ ಸ್ಟಿಕ್ ಬಲಕ್ಕೆ ಒತ್ತಿ ಹಾರ್ನ್ ಎತ್ತ ಹೋಯಿತು ನೋಡಿಕೊಳ್ಳಿ. ಸ್ಟಿಕ್ ಬಿಟ್ಟು ಹೆಲಿಯ ಮೂತಿಯನ್ನು ಕೈಯಿಂದ ಥಟ್ಟನೆ ಎಡಕ್ಕೆ ತಿರುಗಿಸಿ. ಹಾರ್ನ್ ಅದೇ ಕಡೆ ಹೋಗಬೇಕು. ಉಲ್ಟಾ ಹೋದರೆ ಗೈರೋದ ರಿವರ್ಸ್ ಸ್ವಿಚ್ ಬದಲಿಸಿ. ಇಲ್ಲದಿದ್ದರೆ ನೆಲ ಬಿಟ್ಟ ಕೂಡಲೇ ಹೆಲಿ ಬುಗುರಿಯಾಗುತ್ತದೆ. ಪುಶ್‌ರಾಡ್ ಎರಡೂ ತುದಿಯಲ್ಲಿ ಒತ್ತಿ ಸರ್ವೋ ಗುಂಯ್ ಅನ್ನದಂತೆ ಲಿಮಿಟ್ (ಸರ್ವೋ ಎಷ್ಟು ದೂರ ಹೋಗಬಹುದು ಅನ್ನುವ ಮಿತಿ) ಇಡಿ.

ಇನ್ನು ಗೇನ್. ಸ್ವಲ್ಪ ಕಡಿಮೆಯಿಂದ ಶುರುಮಾಡಿ ಏರಿಸುತ್ತಾ ಹೋಗಿ. ಬಾಲ ಪಟಪಟ ಅಲ್ಲಾಡಿದರೆ ಜಾಸ್ತಿಯಾಯಿತು ಎಂದರ್ಥ, ಒಂದೆರಡು ಹೆಜ್ಜೆ ಇಳಿಸಿ. ತಿರುಗಿಸಿ ಸ್ಟಿಕ್ ಬಿಟ್ಟಾಗ ಬಾಲ ಗಕ್ಕನೆ ನಿಲ್ಲದೆ ಜಾರಿದರೆ ಕಡಿಮೆಯಾಗಿದೆ. ರೋಟರಿನ ವೇಗ ಏರಿದಂತೆ ಬಾಲದ ಹಿಡಿತವೂ ಏರುತ್ತದೆ, ಹಾಗಾಗಿ ಐಡಲ್ ಅಪ್‌ಗೆ (ರೋಟರ್ ಸದಾ ಜೋರಾಗಿ ತಿರುಗುವ ಹಾರಾಟದ ಮೋಡ್‌ಗೆ) ಕಡಿಮೆ ಗೇನ್ ಬೇರೆಯಾಗಿಯೇ ಇಡಬೇಕು. ಹಾರ್ನ್‌ನ ಹೊರಗಿನ ತೂತಿಗೆ ಬಾಲ್ ಹಾಕಿದರೂ ಗೇನ್ ಏರಿಸಿದಂತೆಯೇ. ಎಷ್ಟು ಇಳಿಸಿದರೂ ಅಲ್ಲಾಟ ನಿಲ್ಲದಿದ್ದರೆ ಮತ್ತೆ ಪುಶ್‌ರಾಡ್, ಬೆಲ್ಟ್ ಕಡೆ ನೋಡಿ.

ಅಪ್‌ಗ್ರೇಡ್ ವಿಷಯಕ್ಕೆ ಬಂದರೆ, ನನ್ನ ಪ್ರಕಾರ ಮೊದಲು ಸರ್ವೋ, ಆಮೇಲೆ ಗೈರೋ. ಗೈರೋ ಎಷ್ಟೇ ಚುರುಕಾಗಿರಲಿ, ಸರ್ವೋ ತೂಕಡಿಸಿದರೆ ಏನು ಬಂತು? ಅನಲಾಗ್ ಸರ್ವೋಗೆ ಸೆಕೆಂಡಿಗೆ ಸುಮಾರು 50 ಪಲ್ಸ್ (ಆದೇಶದ ಸಂಕೇತ) ಹೋಗುತ್ತವೆ. ಬಾಲಕ್ಕೆಂದೇ ಮಾಡಿದ ಡಿಜಿಟಲ್ ಸರ್ವೋಗಳಲ್ಲಿ 333 ಪಲ್ಸ್ ತಾಳುವವೂ ಇವೆ. ಆ ವೇಗವನ್ನು ಅನಲಾಗ್ ಸರ್ವೋಗೆ ಕೊಟ್ಟರೆ ಅದು ಬಿಸಿಯಾಗಿ ಸುಟ್ಟೇ ಹೋಗಬಹುದು. ಫುಟಾಬಾ ಜಿವೈ401ರಂಥ ಗೈರೋದಲ್ಲಿ ಡಿಎಸ್ (ಡಿಜಿಟಲ್ ಸರ್ವೋ) ಸ್ವಿಚ್ ಇರುವುದು ಇದಕ್ಕೇ. ಪಲ್ಸ್ ಅಗಲವನ್ನೂ (ಒಂದು ಪಲ್ಸ್ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು) ನೋಡಿ: ಕೆಲವು ಸರ್ವೋ 1520 ಮೈಕ್ರೋಸೆಕೆಂಡಿನವು, ಕೆಲವು 760ರವು.

ಬಾಲಕ್ಕೇ ಪುಟ್ಟ ಮೋಟರ್ ಇರುವ ಚಿಕ್ಕ ಹೆಲಿಗಳ ಕಥೆ ಬೇರೆ. ಅವುಗಳಲ್ಲಿ ರಿಸೀವರ್, ಗೈರೋ, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಎಲ್ಲ ಒಂದೇ ಬೋರ್ಡಿನಲ್ಲಿರುವುದುಂಟು. ಬೇರೆ ಹೆಡಿಂಗ್ ಹೋಲ್ಡ್ ಗೈರೋ ಹಾಕಬೇಕಾದರೆ ಬಾಲದ ಮೋಟರಿಗೂ ಬೇರೆ ಇಎಸ್‌ಸಿ ಬೇಕು. ಹಾಕಿದರೂ ಆ ಮೋಟರ್ ಸಾಮಾನ್ಯವಾಗಿ ಒಂದೇ ಕಡೆ ತಳ್ಳುತ್ತದೆ. ಇನ್ನೊಂದು ಕಡೆ ತಿರುಗಲು ಅದು ನಿಧಾನವಾಗುವುದನ್ನೇ ಕಾಯಬೇಕು. ದೊಡ್ಡ ಹೆಲಿಯ ಹಿಡಿತ ಅದಕ್ಕೆ ಬರುವುದಿಲ್ಲ.