ಸ್ಕ್ಯಾನ್‌ನಲ್ಲಿ ಕಾಣದ ನೋವು

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಮಂಗಳೂರಿಗೆ ಹೋಗುವ ಬಸ್ಸುಗಳಲ್ಲಿ ದೊಡ್ಡ ಸ್ಕ್ಯಾನ್ ಕವರ್ ಹಿಡಿದು ಕೂತವರು ಆಗಾಗ ಕಾಣಸಿಗುತ್ತಾರೆ. ವರ್ಷಗಟ್ಟಲೆ ಅಡಕೆ ಮರ ಹತ್ತಿ ಕೊನೆ ತೆಗೆದವರು, ನೆಲದಲ್ಲಿ ಕೂತು ಬೀಡಿ ಕಟ್ಟಿದವರು. ಸೊಂಟವೋ ಮಂಡಿಯೋ ಬಿಡದೆ ಕಾಡುತ್ತಿರುತ್ತದೆ. ಆಪರೇಷನ್ ಆದ ಮೇಲೆ ಕೆಲವರು ಆರಾಮಾಗಿ ತೋಟಕ್ಕೆ ಇಳಿಯುತ್ತಾರೆ. ಇನ್ನು ಕೆಲವರಿಗೆ ಹೊಲಿಗೆ ಒಣಗಿದರೂ ನೋವು ಹಾಗೇ ಉಳಿಯುತ್ತದೆ. ಡಾಕ್ಟರ ಕೈಯಲ್ಲಿ ತಪ್ಪೇನೂ ಆಗಿರಬೇಕೆಂದಿಲ್ಲ. ಹಾಗಾದರೆ ಈ ವ್ಯತ್ಯಾಸ ಯಾಕೆ?

ಮೊದಲು ಆ ಕವರ್‌ನೊಳಗಿನ ಚಿತ್ರವನ್ನೇ ನೋಡೋಣ. ಬೆನ್ನುನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು. 20ರ ವಯಸ್ಸಿನವರಲ್ಲೇ ಶೇ. 37 ಮಂದಿಯ ಡಿಸ್ಕ್, ಅಂದರೆ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ, ಸವೆದಿತ್ತು. 80ರವರಲ್ಲಿ ಶೇ. 96. ಅಂದರೆ ಸವೆದ ಡಿಸ್ಕ್ ಇದ್ದೂ ಆರಾಮಾಗಿರುವವರು ಬೇಕಾದಷ್ಟು ಜನ. ನೋವಿನ ಕಾರಣ ಅದೇ ಇರಬಹುದು, ಇಲ್ಲದೆಯೂ ಇರಬಹುದು.

ಇನ್ನೊಂದು ಪ್ರಯೋಗ ಇದಕ್ಕಿಂತಲೂ ಜಾಸ್ತಿ ಯೋಚನೆಗೆ ಹಚ್ಚುತ್ತದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಬ್ರೂಸ್ ಮೋಸ್ಲಿ ಎಂಬ ಸರ್ಜನ್ ಮಂಡಿ ಸವೆತದ 180 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಂಡಿಯೊಳಗೆ ನಳಿಗೆ ತೂರಿಸಿ ಸವೆದದ್ದನ್ನು ಕೆರೆದು ತೆಗೆದರು, ಇನ್ನೊಂದಕ್ಕೆ ಬರೀ ತೊಳೆದರು. ಮೂರನೆಯದಕ್ಕೆ ಚರ್ಮವನ್ನಷ್ಟೇ ಕೊಯ್ದು ಹೊಲಿದರು. ತಮಗೆ ಯಾವುದು ಆಯಿತೆಂದು ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ನೋಡಿದರೂ, ಸುಮ್ನೆ ಹೊಲಿಸಿಕೊಂಡವರಿಗಿಂತ ಉಳಿದವರ ನೋವು ಹೆಚ್ಚೇನೂ ಇಳಿದಿರಲಿಲ್ಲ. 2002ರಲ್ಲಿ ಪ್ರಕಟವಾದ ಈ ಫಲಿತಾಂಶ ಎಲುಬು ತಜ್ಞರ ನಡುವೆ ದೊಡ್ಡ ಚರ್ಚೆ ಎಬ್ಬಿಸಿತು.

ಇದರಿಂದ 'ನೋವೆಲ್ಲ ಮನಸ್ಸಿನದ್ದು' ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನೋವು ಸುಳ್ಳಲ್ಲ. ಗಾಯದ ಸುದ್ದಿ ನರಗಳಲ್ಲಿ ಹೋಗುತ್ತದೆ, ಆದರೆ ದಾರಿಯುದ್ದಕ್ಕೂ ಅದು ಏರಿಳಿಯುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್‌ಝ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಸಂಶೋಧಕರು ಹೇಳಿದ್ದು ಇದನ್ನೇ. ಬೆನ್ನುಹುರಿಯಲ್ಲಿ ಬಾಗಿಲಿನಂಥ ಏರ್ಪಾಡೊಂದಿದೆ, ಮಿದುಳು ಅದನ್ನು ತೆರೆಯಲೂ ಬಲ್ಲದು, ಮುಚ್ಚಲೂ ಬಲ್ಲದು ಎಂದರು. ಅವರ ವಿವರಣೆಯ ಎಷ್ಟೋ ಅಂಶಗಳು ಆಮೇಲೆ ಬದಲಾದವು, ಮೂಲ ವಿಚಾರ ಉಳಿದುಕೊಂಡಿತು. ನೋವು ತಿಂಗಳುಗಟ್ಟಲೆ ಇದ್ದರೆ ಈ ನರವ್ಯೂಹವೇ ಸೂಕ್ಷ್ಮವಾಗಬಹುದು. ಒಮ್ಮೆ ಕಳ್ಳ ಬಂದುಹೋದ ಮನೆಯ ನಾಯಿ ಆಮೇಲೆ ಅಡಕೆ ಹಾಳೆ ಬಿದ್ದರೂ ಬೊಗಳುತ್ತದೆ, ಅಲ್ವಾ? ಹಾಗೆ. ಡಿಸ್ಕ್ ತೆಗೆದ ಮಾತ್ರಕ್ಕೆ ಆ ಬೊಗಳಾಟ ನಿಲ್ಲಬೇಕೆಂದಿಲ್ಲ.

ಹೆದರಿಕೆ, ನಿದ್ದೆಗೇಡು, ಖಿನ್ನತೆ ಇವೆಲ್ಲ ಆ ಸೂಕ್ಷ್ಮತೆಯನ್ನು ಹೆಚ್ಚಿಸುತ್ತವೆ. 'ಇದು ಇನ್ನು ಹೋಗುವುದೇ ಇಲ್ಲ, ನನ್ನ ಕತೆ ಮುಗಿಯಿತು' ಎಂಬ ಯೋಚನೆಯಲ್ಲೇ ಮುಳುಗಿರುವವರಿಗೆ ಬೆನ್ನಿನ ಅಥವಾ ಮಂಡಿಯ ಆಪರೇಷನ್ ಬಳಿಕ ನೋವು ಉಳಿಯುವ ಸಂಭವ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ. ಈ ಯೋಚನೆಯನ್ನು ಅಳೆಯುವ 13 ಸಾಲುಗಳ ಪ್ರಶ್ನಾವಳಿಯೊಂದು 1995ರಿಂದಲೇ ಇದೆ. ಅದನ್ನು ತುಂಬಲು ಕೆಲವೇ ನಿಮಿಷ ಸಾಕು. ಹೆದರಿಕೆಯದು ಇನ್ನೊಂದು ಕಾಟ. ಬಗ್ಗಿದರೆ ಮತ್ತೆ ಡಿಸ್ಕ್ ಜಾರೀತೆಂದು ಮಲಗಿಯೇ ಇದ್ದರೆ ಸ್ನಾಯು ಸೋಲುತ್ತದೆ. ಆಮೇಲೆ ಒಂದು ಕೊಡ ನೀರು ಎತ್ತಿದರೂ ನೋಯುತ್ತದೆ. ಹೆದರಿದ್ದೇ ನಿಜವಾಯಿತಲ್ಲ ಎಂದು ಹೆದರಿಕೆ ಇನ್ನೂ ಬಲಿಯುತ್ತದೆ.

ಹಾಗಂತ ಖಿನ್ನತೆ ಇದ್ದವರಿಗೆ ಆಪರೇಷನ್ ಬೇಡ ಎನ್ನುವುದು ಅನ್ಯಾಯ. ಎಷ್ಟೋ ಸಲ ಖಿನ್ನತೆ ಬಂದದ್ದೇ ನೋವಿನಿಂದ. ನೋವು ಇಳಿದ ಮೇಲೆ ಮನಸ್ಸು ಹಗುರಾದವರೂ ಇದ್ದಾರೆ. ಮೊದಲೇ ಗುರುತಿಸಿದರೆ ಮಾತಿನ ಚಿಕಿತ್ಸೆ, ಔಷಧಿ, ಹಂತಹಂತದ ವ್ಯಾಯಾಮ ಕೊಟ್ಟು ರೋಗಿಯನ್ನು ಸಜ್ಜು ಮಾಡಬಹುದು. ನೋವು ತಗ್ಗಿಸಲು ಬೆನ್ನುಹುರಿಗೆ ವಿದ್ಯುತ್ ಕೊಡುವ ಸಾಧನ ಕೂರಿಸುವ ಮೊದಲು ಎಷ್ಟೋ ದೇಶಗಳಲ್ಲಿ ಮನಶ್ಶಾಸ್ತ್ರಜ್ಞರ ಭೇಟಿ ವಾಡಿಕೆಯೇ ಆಗಿದೆ. ಮಾಮೂಲಿ ಬೆನ್ನಿನ ಆಪರೇಷನ್‌ಗೂ ಅದು ಬೇಕು ಎನ್ನುವವನು ನಾನು.

ಆಪರೇಷನ್ನಿನಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನೂ ಡಾಕ್ಟರು ಬಿಡಿಸಿ ಹೇಳಬೇಕು. ನರ ಒತ್ತಿಹೋಗಿ ಕಾಲಿಗೆ ಇಳಿಯುವ ನೋವಿಗೆ ಆಪರೇಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಬರೀ ಸೊಂಟನೋವಿಗೆ ಅಷ್ಟು ಭರವಸೆ ಕೊಡಲಾಗದು. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಮಾತ್ರ ಕಾಯುವಂತಿಲ್ಲ. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕಾಸರಗೋಡಿನವರಾದ ನಮಗೆ ಒಂದು ಅನುಕೂಲ ಇದೆ. 1993ರಲ್ಲಿ ಕಲ್ಲಿಕೋಟೆಯಲ್ಲಿ ಶುರುವಾದ ಪಾಲಿಯೇಟಿವ್ (ನೋವು, ನರಳಾಟ ತಗ್ಗಿಸುವ ಆರೈಕೆಯ) ಸೇವೆ ಕೇರಳದ ಪಂಚಾಯತು ಪಂಚಾಯತಿಗೂ ಹಬ್ಬಿದೆ. ಕ್ಯಾನ್ಸರ್ ಬಂದವರ, ಹಾಸಿಗೆ ಹಿಡಿದವರ ಮನೆಗೆ ನರ್ಸ್ ಬಂದು, ನೋವಿನ ಜೊತೆ ನಿದ್ದೆ, ಚಿಂತೆ, ಮನೆಯ ಪರಿಸ್ಥಿತಿ ಎಲ್ಲ ವಿಚಾರಿಸುತ್ತಾರೆ. ಎರಡು ವರ್ಷದಿಂದ ಸೊಂಟನೋವೆಂದು ಬೀಡಿ ಮೊರ ಬದಿಗಿಟ್ಟ ಅಕ್ಕನನ್ನೂ ಯಾರಾದರೂ ಹಾಗೆ ಕೂತು ವಿಚಾರಿಸಬೇಕು. ಕನ್ನಡವೋ ತುಳುವೋ, ಅವರ ಮನೆಮಾತಿನಲ್ಲೇ. ಅದೂ ಆಪರೇಷನ್ ತಾರೀಖು ನಿಗದಿಯಾಗುವ ಮೊದಲೇ.