ಬಾಳೆಗೆ ಹಡಗು ಸಿಕ್ಕಿತು, ಮಾವಿಗೆ ಸಿಗಲಿಲ್ಲ

ಅಮೆರಿಕದಲ್ಲಿ ಒಬ್ಬರು ವರ್ಷಕ್ಕೆ ತಿನ್ನುವ ಬಾಳೆಹಣ್ಣು ಸರಾಸರಿ 12 ಕೆಜಿ. ಮಾವು ಸುಮಾರು ಒಂದೂವರೆ ಕೆಜಿ. ಎರಡೂ ಅಲ್ಲಿಗೆ ಬಹುಪಾಲು ಹೊರಗಿನಿಂದಲೇ ಬರಬೇಕು. ರುಚಿಯೇ ಲೆಕ್ಕವಾಗಿದ್ದರೆ ಮಾವು ಇಷ್ಟು ಹಿಂದೆ ಬೀಳುತ್ತಿರಲಿಲ್ಲ. ಇದು ನಮ್ಮ ಪಕ್ಷಪಾತವೇ ಇರಬಹುದು, ಇರಲಿ ಬಿಡಿ. ಆದರೆ ಯಾವ ಹಣ್ಣನ್ನು ಜಗತ್ತು ಎಷ್ಟು ತಿನ್ನುತ್ತದೆ ಎಂಬುದನ್ನು ನಾಲಿಗೆಗಿಂತ ಹೆಚ್ಚಾಗಿ ಹಡಗು, ಸಿಪ್ಪೆ ಮತ್ತು ನೊಣ ತೀರ್ಮಾನಿಸಿವೆ.

ಬಿಸಿಲು ನಾಡಿನ ಹಣ್ಣುಗಳನ್ನು ಅತಿ ಹೆಚ್ಚು ತಿನ್ನುವವರು ಅವನ್ನು ಬೆಳೆದವರೇ. ಉಗಾಂಡಾದ ಕೆಲವು ಕಡೆ ಬಾಳೆಯೇ ಊಟ. ಕಾಯಿ ಸುಲಿದು, ಎಲೆಯಲ್ಲಿ ಸುತ್ತಿ, ಬೇಯಿಸಿ ಹಿಸುಕಿದರೆ ಅದೇ ಮಟೋಕೆ. ಅಲ್ಲಿ ತಲೆಗೆ ವರ್ಷಕ್ಕೆ 200 ಕೆಜಿ ಮೀರುತ್ತದೆ. ಭಾರತ ವರ್ಷಕ್ಕೆ 3 ಕೋಟಿ ಟನ್‌ಗೂ ಹೆಚ್ಚು ಬಾಳೆ ಬೆಳೆಯುತ್ತದೆ. ಈಕ್ವೆಡಾರ್ ಬೆಳೆಯುವುದು ಇದರ ಕಾಲು ಭಾಗವೂ ಇಲ್ಲ, ಆದರೆ ಬಾಳೆ ರಫ್ತಿನಲ್ಲಿ ಅದೇ ಮೊದಲು. ಮಾವಿನ ಕತೆಯೂ ಹೀಗೇ. ಜಗತ್ತಿನ ಮಾವಿನಲ್ಲಿ ಹೆಚ್ಚುಕಮ್ಮಿ ನೂರಕ್ಕೆ ನಲವತ್ತು ಪಾಲು ನಮ್ಮದು. ಹಣ್ಣಾಗಿ ಹೊರಗೆ ಹೋಗುವುದು ನೂರಕ್ಕೆ ಒಂದರಷ್ಟೂ ಇಲ್ಲ.

ಬಾಳೆ ಸಮುದ್ರ ದಾಟಿದ್ದು ಹೇಗೆ? 1870ರಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಹಡಗಿನ ಕಪ್ತಾನ ಜಮೈಕಾದಲ್ಲಿ 160 ಗೊನೆ ಕೊಂಡು ನ್ಯೂಯಾರ್ಕ್ ಪಕ್ಕದ ಜರ್ಸಿ ಸಿಟಿಯಲ್ಲಿ ಮಾರಿದ. ಒಳ್ಳೆಯ ಲಾಭ ಬಂತು. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಒಂದೊಂದು ಹಣ್ಣನ್ನು ತವರದ ಹಾಳೆಯಲ್ಲಿ ಸುತ್ತಿ ಹತ್ತು ಸೆಂಟ್‌ಗೆ ಮಾರಿದರು. ಆಗ ಅದು ಶೋಕಿಯ ತಿನಿಸು. ಇತ್ತ ಕೋಸ್ಟರಿಕಾದಲ್ಲಿ ಮೈನರ್ ಕೀತ್ ಎಂಬಾತ ರೈಲು ಹಳಿ ಹಾಕಿಸುತ್ತಾ, ಹಳಿ ಪಕ್ಕದಲ್ಲೇ ಬಾಳೆ ನೆಡಿಸಿದ್ದ. ರೈಲಿಗೆ ಸಾಕಷ್ಟು ಪ್ರಯಾಣಿಕರು ಸಿಗದಿದ್ದರೂ ಬಾಳೆ ಸಿಕ್ಕಿತು. 1899ರಲ್ಲಿ ಬೇಕರ್ ಕಟ್ಟಿದ ಕಂಪನಿ ಮತ್ತು ಕೀತ್‌ನ ವ್ಯಾಪಾರ ಒಂದಾಗಿ ಯುನೈಟೆಡ್ ಫ್ರೂಟ್ ಕಂಪನಿ ಹುಟ್ಟಿತು. ತೋಟ, ರೈಲು, ಬಂದರು, ತಂಪು ಹಡಗು ಎಲ್ಲವೂ ಒಬ್ಬರ ಕೈಯಲ್ಲೇ.

ಬಾಳೆಯ ಗುಣವೂ ಈ ವ್ಯಾಪಾರಕ್ಕೆ ಹೊಂದಿಕೊಂಡಿತು. ವರ್ಷವಿಡೀ ಗೊನೆ ಬಿಡುತ್ತದೆ. ಹಸಿರು ಕಾಯಿಯಾಗಿದ್ದಾಗಲೇ ಕೊಯ್ದು 13-14 ಡಿಗ್ರಿ ತಂಪಿನಲ್ಲಿಟ್ಟರೆ ವಾರಗಟ್ಟಲೆ ತಡೆಯುತ್ತದೆ. ದಡ ಸೇರಿದ ಮೇಲೆ ಹಣ್ಣು ಮಾಡಿಕೊಳ್ಳಬಹುದು. ಹೀಗೆ ಶೋಕಿಯ ಹಣ್ಣು ಬಡವರ ಹಣ್ಣಾಯಿತು. ಆ ಅಗ್ಗದ ಬೆಲೆಯ ಹಿಂದೆ ರಕ್ತವೂ ಇದೆ. 1928ರಲ್ಲಿ ಕೊಲಂಬಿಯಾದ ಸಿಯೆನಗದಲ್ಲಿ ಮುಷ್ಕರ ಹೂಡಿದ್ದ ಬಾಳೆ ತೋಟದ ಕೂಲಿಗಳ ಮೇಲೆ ಸೈನ್ಯ ಗುಂಡು ಹಾರಿಸಿತು. 1954ರಲ್ಲಿ ಗ್ವಾಟೆಮಾಲಾದಲ್ಲಿ ಕಂಪನಿಯ ಪಾಳು ಜಮೀನನ್ನೂ ರೈತರಿಗೆ ಹಂಚಲು ಹೊರಟ ಸರ್ಕಾರವನ್ನು ಅಮೆರಿಕ ಉರುಳಿಸಿತು.

ಆಗ ಜಗತ್ತು ತಿನ್ನುತ್ತಿದ್ದುದು ಇಂದಿನ ಬಾಳೆಯಲ್ಲ, ಗ್ರೋ ಮಿಶೆಲ್ ಎಂಬ ತಳಿ. ಬುಡದಲ್ಲಿ ಮೊಳೆಯುವ ಕಂದು ನೆಟ್ಟು ಬೆಳೆಸುವ ಬಾಳೆಯಲ್ಲಿ ಮಗುವೂ ತಾಯಿಯ ಪಡಿಯಚ್ಚು. ಒಂದಕ್ಕೆ ರೋಗ ತಗುಲಿದರೆ ಎಲ್ಲವೂ ಸಾಯುತ್ತವೆ. ಮಣ್ಣಿನ ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗ 1960ರ ಹೊತ್ತಿಗೆ ಆ ತಳಿಯ ವ್ಯಾಪಾರವನ್ನೇ ಮುಗಿಸಿತು. ನಮ್ಮಲ್ಲಿ ನಂಜನಗೂಡು ರಸಬಾಳೆ ಅಪರೂಪವಾದದ್ದೂ ಇದೇ ರೋಗದಿಂದ. ಕಂಪನಿಗಳು ಆಗ ಕ್ಯಾವೆಂಡಿಷ್‌ಗೆ ತಿರುಗಿದವು. ನಮ್ಮ ಪಚ್ಚಬಾಳೆ, ಜಿ-9 ಎಲ್ಲ ಅದೇ ಬಳಗ. ಈಗ ಕ್ಯಾವೆಂಡಿಷನ್ನೂ ಕೊಲ್ಲುವ ಹೊಸ ಬಗೆಯ ಸೊರಗು ರೋಗ ಏಷ್ಯಾದಿಂದ ಹಬ್ಬಿ 2019ರಲ್ಲಿ ಕೊಲಂಬಿಯಾ ಮುಟ್ಟಿದೆ. ಭಾರತದಲ್ಲೂ ಕಾಣಿಸಿಕೊಂಡಿದೆ.

ಇನ್ನು ಮಾವು. ಅಮೆರಿಕದ ಅಂಗಡಿಗಳಲ್ಲಿ ಬಹುಕಾಲ ಮೆರೆದದ್ದು ಟಾಮಿ ಅಟ್ಕಿನ್ಸ್ ಎಂಬ ತಳಿ. ಅದರ ವಂಶ ಹುಡುಕುತ್ತಾ ಹೋದರೆ ಭಾರತಕ್ಕೇ ಬಂದು ನಿಲ್ಲುತ್ತೇವೆ. 1889ರಲ್ಲಿ ಅಮೆರಿಕದ ಕೃಷಿ ಇಲಾಖೆ ಇಲ್ಲಿಂದ ಮಾವಿನ ಗಿಡ ತರಿಸಿತು. ಫ್ಲೋರಿಡಾದ ಚಳಿಗೆ ಬಹುತೇಕ ಸತ್ತವು. ಬದುಕಿದ್ದು ಮುಲ್ಗೋಬಾ, ಅಂದರೆ ನಮ್ಮ ಮಲಗೋವಾದ ಹೆಸರು ಹೊತ್ತದ್ದು. 1902ರಲ್ಲಿ ಜಾನ್ ಹೇಡನ್ ಎಂಬ ನಿವೃತ್ತ ಕಪ್ತಾನ ಅದರ ಓಟೆಗಳನ್ನು ನೆಟ್ಟ. ಅದರಿಂದ ಹೇಡನ್ ತಳಿ, ಹೇಡನ್‌ನ ಓಟೆಯಿಂದ ಟಾಮಿ ಅಟ್ಕಿನ್ಸ್. ನಾರು ಜಾಸ್ತಿ, ರುಚಿ ಅಷ್ಟಕ್ಕಷ್ಟೇ ಎಂದು ತಜ್ಞರು ಮೊದಲು ಮೂಗು ಮುರಿದರು. ಆದರೆ ದಪ್ಪ ಸಿಪ್ಪೆ, ಕೆಂಪು ಬಣ್ಣ, ಬೇಗ ಕೊಳೆಯದ ಗುಣ. ಲಾರಿಗೆ ಬೇಕಾದ್ದು ಅಷ್ಟೇ ಅಲ್ವಾ? ಈ ಹಣ್ಣನ್ನೇ ಮಾವು ಎಂದು ತಿಂದವರು ವರ್ಷಕ್ಕೆ ಒಂದೂವರೆ ಕೆಜಿಗೆ ನಿಲ್ಲಿಸಿದರೆ ತಪ್ಪು ಅವರದಲ್ಲ.

ನಮ್ಮ ಹಣ್ಣಿಗೆ ಅಲ್ಲಿ ಬಾಗಿಲೇ ಮುಚ್ಚಿತ್ತು. ಕಾರಣ ಹಣ್ಣುನೊಣ ಮತ್ತು ಓಟೆಯೊಳಗೆ ಕೂರುವ ಹುಳು. 2006ರಲ್ಲಿ ಅಣು ಒಪ್ಪಂದದ ಮಾತಿಗೆ ದೆಹಲಿಗೆ ಬಂದ ಅಧ್ಯಕ್ಷ ಬುಷ್ ಮಾವಿನ ಮಾತನ್ನೂ ಆಡಿ ಹೋದರು. 2007ರ ಏಪ್ರಿಲ್‌ನಲ್ಲಿ ಮೊದಲ ಪೆಟ್ಟಿಗೆಗಳು ಹೋದವು, ಹುಳು ಹರಡದಂತೆ ನಾಸಿಕ್ ಬಳಿಯ ಲಾಸಲ್‌ಗಾಂವ್‌ನಲ್ಲಿ ವಿಕಿರಣ ಹಾಯಿಸಿಕೊಂಡು. ಆಮೇಲೆ ಮಾಲೂರಿನಲ್ಲೂ ಅಂಥ ಘಟಕ ಬಂತು. ಜಪಾನ್ ಬಿಸಿ ಹಬೆಯ ಉಪಚಾರ ಕೇಳಿತು. ಯುರೋಪ್ 2014ರಲ್ಲಿ ನೊಣ ಕಂಡು ನಿಷೇಧ ಹೇರಿ, ಮುಂದಿನ ವರ್ಷ ತೆಗೆಯಿತು. ಇಷ್ಟೆಲ್ಲ ದಾಟಿದ ಹಣ್ಣು ವಿಮಾನ ಹತ್ತಬೇಕು. ಬೆಲೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅಲ್ಲಿರುವ ಕನ್ನಡಿಗರನ್ನೇ ಕೇಳಿ. ಸುಲಭವಾಗಿ ಹೋಗುವುದು ತೋತಾಪುರಿ ತಿರುಳು, ಡಬ್ಬಿಯಲ್ಲಿ.

ದಾರಿ ತೆರೆದರೆ ಏನಾಗುತ್ತದೆ ಎಂಬುದಕ್ಕೆ ಆಗ್ನೇಯ ಏಷ್ಯಾದ ಡುರಿಯನ್ ಹಣ್ಣು ನೋಡಿ. ವಾಸನೆಯ ಕಾರಣಕ್ಕೆ ಸಿಂಗಪುರದ ಮೆಟ್ರೋ ರೈಲಿನೊಳಗೆ ಬಿಡದ ಹಣ್ಣು ಅದು. 2021ರ ಕೊನೆಗೆ ಲಾವೋಸ್-ಚೀನಾ ರೈಲು ಶುರುವಾಯಿತು, 2022ರಲ್ಲಿ ವಿಯೆಟ್ನಾಂ ಹಣ್ಣಿಗೂ ಚೀನಾ ಅನುಮತಿ ಕೊಟ್ಟಿತು. 2023ರಲ್ಲಿ ಚೀನಾ ತರಿಸಿಕೊಂಡ ಡುರಿಯನ್ 14 ಲಕ್ಷ ಟನ್. ಭಾರತ ಹೊರಗೆ ಕಳಿಸುವ ಅಷ್ಟೂ ತಾಜಾ ಮಾವಿಗಿಂತ ಎಷ್ಟೋ ಪಟ್ಟು ಹೆಚ್ಚು.

ನಮ್ಮವರೂ 2022ರಲ್ಲಿ ಮುಂಬೈಯಿಂದ ಅಮೆರಿಕಕ್ಕೆ ಹಡಗಿನಲ್ಲಿ ಮಾವು ಕಳಿಸಿ ನೋಡಿದರು. ಹಣ್ಣು ಮೂರು ವಾರಕ್ಕೂ ಹೆಚ್ಚು ಕಾಲ ಸಮುದ್ರದ ಮೇಲಿತ್ತು. ಮೆಕ್ಸಿಕೋದ ಮಾವು ಲಾರಿಯಲ್ಲಿ ಕೆಲವೇ ದಿನಗಳಲ್ಲಿ ಅಲ್ಲಿನ ಅಂಗಡಿ ಸೇರುತ್ತದೆ.