ಬಿರುಬೇಸಿಗೆಯಲ್ಲಿ ದುರ್ಗದ ಕಾಡು ಯಾಕೆ ಚಿಗುರುತ್ತದೆ?

ಚಿಗುರಬೇಕಾದರೆ ನೀರು ಬೇಕು, ಅಲ್ವಾ? ಹಾಗಾದರೆ ಯುಗಾದಿಯ ಆಸುಪಾಸಿನಲ್ಲಿ ತುಮಕೂರಿನ ದೇವರಾಯನದುರ್ಗದ ಕಾಡಿಗೆ ಒಂದು ಸಲ ಹೋಗಿ ನೋಡಿ. ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ, ಕಾಲಿಟ್ಟಲ್ಲೆಲ್ಲ ತರಗೆಲೆ ಚರಚರ ಅನ್ನುತ್ತದೆ, ಒಳ್ಳೆಯ ಮಳೆ ಬಿದ್ದು ನಾಲ್ಕೈದು ತಿಂಗಳಾಗಿರುತ್ತದೆ, ಮುಂದಿನ ಹದ ಮಳೆ ಇನ್ನೂ ದೂರ. ಅಂಥ ಹೊತ್ತಲ್ಲಿ ಹೊಂಗೆ ಮರ ಮೈತುಂಬ ಎಳೆ ಎಲೆ ಬಿಟ್ಟುಕೊಂಡು ಫಳಫಳ ಹೊಳೆಯುತ್ತಿರುತ್ತದೆ. ಇದು ಯಾವ ಲೆಕ್ಕ?

ತುಮಕೂರಿನಿಂದ ದುರ್ಗ ಸುಮಾರು 15 ಕಿಲೋಮೀಟರ್. ಬೆಟ್ಟದ ತುದಿ ಹತ್ತಲೇಬೇಕು ಅಂತೇನಿಲ್ಲ. ಬುಡದಲ್ಲಿರುವ ನಾಮದ ಚಿಲುಮೆಯ ಆಸುಪಾಸಿನಲ್ಲಿ, ಕಾಡು ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು, ನಿಂತು ನಿಂತು ನಡೆದರೂ ಸಾಕು.

ಮೊದಲು ಚಿಲುಮೆಯನ್ನೇ ನೋಡಿ. ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ಬರಿಸಿದ ಅನ್ನುವುದು ಇಲ್ಲಿಯ ಕತೆ. ಬಾಣದ ವಿಷಯ ನನಗೆ ಗೊತ್ತಿಲ್ಲ, ನೀರಿನ ವಿಷಯ ಹೇಳಬಲ್ಲೆ. ಇಲ್ಲಿಯ ಬಂಡೆ ಕ್ಲೋಸ್‌ಪೇಟ್ ಗ್ರಾನೈಟ್, ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರ, ಸಾವನದುರ್ಗ, ಶಿವಗಂಗೆ, ಮಧುಗಿರಿ ಬೆಟ್ಟಗಳೆಲ್ಲ ಇದೇ ಕಲ್ಲಿನ ಪಟ್ಟಿಯವು. ಹತ್ತಿರ ಹೋಗಿ ನೋಡಿದರೆ ಬೂದು ಕಲ್ಲಿನೊಳಗೆ ಉಗುರಿನಷ್ಟಗಲದ ನಸುಗೆಂಪು ಹರಳುಗಳು ಕಾಣುತ್ತವೆ. ಅವು ಫೆಲ್ಡ್‌ಸ್ಪಾರ್ ಅನ್ನುವ ಖನಿಜ. ಕಲ್ಲಿನೊಳಗೆ ನೀರು ಇಳಿಯುವುದಿಲ್ಲ, ನಿಜ. ಆದರೆ ಬಂಡೆಯ ತುಂಬ ಬಿರುಕುಗಳಿವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸುರಿದ ಮಳೆ ಮಣ್ಣಿನ ಮೂಲಕ ಈ ಬಿರುಕುಗಳಿಗೆ ಇಳಿದು, ತಿಂಗಳುಗಟ್ಟಲೆ ನಿಧಾನವಾಗಿ ಸಾಗಿ, ಎಲ್ಲೋ ಒಂದು ಸಂದಿಯಲ್ಲಿ ಹೊರಗೆ ಬರುತ್ತದೆ. ಬೇಸಿಗೆಯಲ್ಲೂ ಚಿಲುಮೆಯಲ್ಲಿ ನೀರಿರುವುದು ಹೀಗೆ. ಜಯಮಂಗಲಿ, ಶಿಂಷಾ ಎರಡೂ ನದಿಗಳು ಹುಟ್ಟುವುದು ಈ ಬೆಟ್ಟಗಳಲ್ಲೇ. ಒಂದು ಉತ್ತರ ಪಿನಾಕಿನಿಗೆ ಸೇರುತ್ತದೆ, ಇನ್ನೊಂದು ಕಾವೇರಿಗೆ.

ಮರಗಳಿಗೂ ಇದೇ ನೀರು ಆಧಾರ. ಹುಲ್ಲಿನ ಬೇರು ಗೇಣುದ್ದ, ಅದಕ್ಕೆ ಜನವರಿಯಲ್ಲೇ ನೀರಿನ ಕತೆ ಮುಗಿಯಿತು. ದೊಡ್ಡ ಮರದ ಬೇರು ಬಂಡೆ ಸಂದಿ ಹುಡುಕಿಕೊಂಡು ಆಳಕ್ಕೆ ಇಳಿದಿರುತ್ತದೆ. ಆದರೂ ಸಿಗುವುದು ಅಷ್ಟಕ್ಕಷ್ಟೆ. ಅದಕ್ಕೇ ಮರ ಮೊದಲು ಹಳೆ ಎಲೆಗಳನ್ನು ಉದುರಿಸುತ್ತದೆ. ಎಲೆಯಿಂದ ನೀರು ಆವಿಯಾಗಿ ಹೋಗುವುದು ನಿಂತಿತು ಅಂದರೆ ಬೇರು ಎಳೆದ ಅಷ್ಟಿಷ್ಟು ನೀರು ಕಾಂಡದಲ್ಲೇ ಉಳಿಯುತ್ತದೆ. ಬರೀ ಕೊಂಬೆಯಾಗಿ ನಿಂತ ಮರ ಸತ್ತಂತೆ ಕಂಡರೂ ಒಳಗೆ ನೀರು ತುಂಬಿಕೊಳ್ಳುತ್ತಿರುತ್ತದೆ. ಆ ನೀರಿನಲ್ಲೇ ಚಿಗುರು.

ಸರಿ, ನೀರು ಸಿಕ್ಕಿತು. ಆದರೆ ಇಷ್ಟು ಅವಸರ ಯಾಕೆ, ಮಳೆ ಬಂದ ಮೇಲೆ ಆರಾಮಾಗಿ ಚಿಗುರಬಹುದಲ್ಲ? ನನಗೆ ತುಂಬಾ ಇಷ್ಟವಾದ ಉತ್ತರ ಹುಳುಗಳದ್ದು. ಮಳೆ ಬಿದ್ದಿದ್ದೇ ತಡ, ಕಂಬಳಿಹುಳು, ಜೀರುಂಡೆಗಳ ಸಂತೆ ಶುರುವಾಗುತ್ತದೆ. ಎಳೆ ಎಲೆ ಮೆತ್ತಗೆ, ಅವುಗಳಿಗೆ ಹಬ್ಬ. ಒಂದು ತಿಂಗಳು ಮೊದಲೇ ಚಿಗುರಿದ ಎಲೆ ಅಷ್ಟು ಹೊತ್ತಿಗೆ ಬಲಿತು ಗಡುಸಾಗಿರುತ್ತದೆ. ತಮಿಳುನಾಡಿನ ಮುದುಮಲೈ ಕಾಡಿನಲ್ಲಿ ವಿಜ್ಞಾನಿಗಳಾದ ಮುರಳಿ ಮತ್ತು ಸುಕುಮಾರ್ ಅವರು ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಂಡಿತು: ಮಳೆಗೆ ಮುಂಚೆ ಚಿಗುರಿದ ಮರಗಳಿಗಿಂತ ತಡವಾಗಿ ಚಿಗುರಿದವುಗಳಿಗೆ ಹುಳುಗಳ ಕಾಟ ಜಾಸ್ತಿ. ಮೊದಲ ಹನಿ ಬಿದ್ದ ದಿನದಿಂದಲೇ ಅಡುಗೆ ಶುರು ಮಾಡಲು ಎಲೆ ಸಿದ್ಧವಾಗಿರುವುದು ಇನ್ನೊಂದು ಲಾಭ.

ಮಳೆ ಬರುವುದು ಮರಕ್ಕೆ ಹೇಗೆ ಗೊತ್ತು? ಮಳೆ ಗೊತ್ತಿಲ್ಲ, ಹಗಲು ಗೊತ್ತು. ನಮ್ಮ ಕಡೆ ಡಿಸೆಂಬರ್‌ನ ಹಗಲಿಗೂ ಜೂನ್‌ನ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ. ನಮಗೆ ಗಮನಕ್ಕೇ ಬಾರದ ಈ ಬದಲಾವಣೆಯನ್ನು ಎಷ್ಟೋ ಮರಗಳು ಗುರುತು ಹಿಡಿಯುತ್ತವೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ರೈತರು ನಕ್ಷತ್ರ ಎಣಿಸುತ್ತಾರೆ, ಮರ ಹಗಲು ಎಣಿಸುತ್ತದೆ.

ನಡೆಯುವಾಗ ಒಂದು ಅರಳಿಯ ಅಥವಾ ಮಾವಿನ ಚಿಗುರನ್ನು ಬಿಸಿಲಿಗೆ ಹಿಡಿದು ನೋಡಿ, ಕೀಳಬೇಡಿ. ತಾಮ್ರದ ಬಣ್ಣ. ಆ ಕೆಂಪು ಆಂಥೋಸಯನಿನ್ ಅನ್ನುವ ಬಣ್ಣದ್ದು. ಹಸಿರು ಪೂರ್ತಿ ಸಿದ್ಧವಾಗದ ಎಳೆ ಎಲೆಗೆ ಮಾರ್ಚಿನ ಬಿಸಿಲು ತಡೆಯುವುದಿಲ್ಲ, ಕೆಂಪು ಸ್ವಲ್ಪ ಅಡ್ಡ ನಿಲ್ಲುತ್ತದೆ. ಆಮೇಲೆ ಹೊಂಗೆ ಎಲೆಯ ಮೇಲೆ ಬೆರಳು ಸವರಿ. ಎಷ್ಟೋ ಎಲೆಗಳಲ್ಲಿ ಮೊಡವೆಯಂಥ ಗುಳ್ಳೆಗಳು ಕೈಗೆ ಸಿಗುತ್ತವೆ. ಅದು ಕಣ್ಣಿಗೆ ಕಾಣದ ನುಸಿಗಳ ಮನೆ, ಎಲೆಯಿಂದಲೇ ಕಟ್ಟಿಸಿಕೊಂಡದ್ದು. ಎಷ್ಟು ಬೇಗ ಚಿಗುರಿದರೂ ಎಲ್ಲರಿಂದಲೂ ತಪ್ಪಿಸಿಕೊಳ್ಳಲು ಆಗುವುದಿಲ್ಲ!

ಹೂವಿನ ಲೆಕ್ಕವೂ ಹೆಚ್ಚುಕಡಿಮೆ ಇದೇ. ಜಾಲಾರಿ ಮರ ಬೇಸಿಗೆಯಲ್ಲಿ ಹೂ ಬಿಟ್ಟರೆ ಮುಂಗಾರಿನ ಹೊತ್ತಿಗೆ ರೆಕ್ಕೆ ಇರುವ ಕಾಯಿ ಉದುರುತ್ತದೆ. ಅದರ ಬೀಜವನ್ನು ಎತ್ತಿಟ್ಟರೆ ಉಳಿಯುವುದಿಲ್ಲ, ಬಿದ್ದ ಕೆಲವೇ ದಿನಗಳಲ್ಲಿ ಒದ್ದೆ ನೆಲ ಸಿಕ್ಕಿ ಮೊಳೆಯಬೇಕು. ಮಳೆ ಹಿಂದೆ ಹೋದರೆ ಆ ವರ್ಷದ ಸಸಿಗಳು ಹೋದವು ಅಂತಲೇ.

ಬಂಡೆ, ಪೊದೆ ಕೂಡುವ ಕಡೆ ಹಳದಿ ಕೊರಳಿನ ಪಿಕಳಾರಕ್ಕೂ ಕಣ್ಣಿಡಿ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಹಕ್ಕಿ ಅದು. ಕಲ್ಲುಗಣಿಗಾರಿಕೆ ಅದರ ದೊಡ್ಡ ಶತ್ರು.

ಹೋಗುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಹೋಗಿ, ಬೆಂಕಿಯ ಕಾಲದಲ್ಲಿ ಕಾಡಿನೊಳಗೆ ಬಿಡದೆಯೂ ಇರಬಹುದು. ಬೀಡಿ, ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಹಾಡು ಹಾಕುವ ಸ್ಪೀಕರ್ ಕೂಡ. ಬೆಳಿಗ್ಗೆ ಏಳರೊಳಗೆ ಶುರು ಮಾಡಿದರೆ ಒಳ್ಳೆಯದು, ಹತ್ತರ ಮೇಲೆ ಬಂಡೆ ಕಾಯುತ್ತದೆ. ಮುತ್ತುಗದ ಹೂ ನೋಡಬೇಕಿದ್ದರೆ ಮಾರ್ಚ್ ದಾಟಿಸಬೇಡಿ. ಅದು ತಪ್ಪಿದರೆ ಕಕ್ಕೆ ಹೂವಿಗೆ ಮೇ ಮೊದಲ ವಾರ ಹೋಗಿ.